ಸಾವಿನ ಭಯ ಮತ್ತು ನನ್ನ ಅಳತೆ ಪುಸ್ತಕ

ಮಂಡ್ಯದ ಗುತ್ತಲು ರಸ್ತೆ ಹತ್ತಿರ ನನ್ನದೊಂದು ಹೊಲಿಗೆ ಅಂಗಡಿ ಇದೆ. ರವಿಕೆ, ಚೂಡಿದಾರ, ಶಾಲೆ ಮಕ್ಕಳ ಯೂನಿಫಾರಂ. ಮನೆಯಲ್ಲಿ ಯಜಮಾನರು, ಇಬ್ಬರು ಮಕ್ಕಳು. 2021ರ ಕೊನೆಯಿಂದ ಸುಮಾರು ಒಂದೂವರೆ ವರ್ಷ ನನಗೆ ಸಾವಿನ ಭಯ ಹಿಡಿದಿತ್ತು. ಊಟ ಸೇರುತ್ತಿರಲಿಲ್ಲ. ನಿದ್ದೆ ಬರುತ್ತಿರಲಿಲ್ಲ. ಮಿಷಿನ್ ಮುಂದೆ ಕೂತರೆ ಕಾಲು ಓಡುತ್ತಿರಲಿಲ್ಲ. ಅದರಿಂದ ಹೇಗೆ ಹೊರಗೆ ಬಂದೆ ಅನ್ನೋದನ್ನು ಬರೆಯುತ್ತಿದ್ದೇನೆ. ಇದೇ ಪಾಡು ಪಡುತ್ತಾ ಯಾರಿಗೂ ಹೇಳದೆ ಸುಮ್ನೆ ನುಂಗಿಕೊಂಡಿರುವ ಹೆಂಗಸರು ಬಹಳ ಜನ ಇದ್ದಾರೆ. ನನ್ನ ಅಂಗಡಿಗೇ ಬರುತ್ತಾರೆ.

ಇದರ ಬೇರು ಅದೇ ವರ್ಷದ ಮೇ ತಿಂಗಳಲ್ಲಿತ್ತು. ಆಗ ನನಗೆ ಗೊತ್ತಾಗಲಿಲ್ಲ. ಕೊರೊನಾ ಎರಡನೇ ಅಲೆ. ಬೆಂಗಳೂರಿನಲ್ಲಿದ್ದ ನನ್ನ ಸೋದರಮಾವ ಆಸ್ಪತ್ರೆ ಸೇರಿದ ಏಳನೇ ದಿನ ಹೋಗಿಬಿಟ್ಟರು. ನನಗೆ ಮೊದಲ ಹೊಲಿಗೆ ಮಿಷಿನ್ ಕೊಡಿಸಿದ್ದು ಈ ಮಾವನೇ. ಅವರ ಮುಖ ನೋಡೋಕೂ ಆಗಲಿಲ್ಲ. ಫೋನಿಗೆ ಒಂದು ವಿಡಿಯೋ ಬಂತು. ಪ್ಲಾಸ್ಟಿಕ್ ಸುತ್ತಿದ ಏನೋ ಒಂದು, ಪಿಪಿಇ ಕಿಟ್ ಹಾಕಿಕೊಂಡ ನಾಲ್ಕು ಜನ. ಅಷ್ಟೇ. ನಮ್ಮ ಕಡೆ ಒಂದು ಸಾವಾದರೆ ಊರೇ ಸೇರುತ್ತದೆ. ಬಾಯಿಗೆ ಅಕ್ಕಿಕಾಳು ಹಾಕುತ್ತೇವೆ. ತಮಟೆ ಬಡಿಯುತ್ತಾರೆ. ಮೂರನೇ ದಿನ ಹಾಲು ತುಪ್ಪ, ಹನ್ನೊಂದಕ್ಕೆ ತಿಥಿ. ಮಾವನಿಗೆ ಇದ್ಯಾವುದೂ ಆಗಲಿಲ್ಲ. ಅವರ ಮಗ ಬೂದಿ ತಂದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟ. ನನ್ನನ್ನೂ ಕರೆದಿದ್ದ. ಮೈ ಹುಷಾರಿಲ್ಲ ಅಂತ ಸುಳ್ಳು ಹೇಳಿ ತಪ್ಪಿಸಿಕೊಂಡೆ. ಆ ಜೂನ್‌ನಲ್ಲಿ, ಬೆಂಗಳೂರಿನಲ್ಲಿ ಯಾರೂ ಬಂದು ತೆಗೆದುಕೊಂಡು ಹೋಗದ ನೂರಾರು ಜನರ ಬೂದಿಯನ್ನು ಸರ್ಕಾರವೇ ನಮ್ಮ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಹತ್ತಿರ ಕಾವೇರಿಗೆ ಬಿಟ್ಟಿತು. ಟಿವಿಯಲ್ಲಿ ಆ ಸುದ್ದಿ ಬಂದಾಗ ಎದ್ದು ಅಡುಗೆಮನೆಗೆ ಹೋದೆ.

ಅಕ್ಟೋಬರ್ 29ಕ್ಕೆ ಅಪ್ಪು ಹೋದರು. 46 ವರ್ಷ. ನನಗಿಂತ ಐದೇ ವರ್ಷ ದೊಡ್ಡವರು. ಮಂಡ್ಯದ ಗಲ್ಲಿ ಗಲ್ಲಿಯಲ್ಲೂ ಶ್ರದ್ಧಾಂಜಲಿ ಫ್ಲೆಕ್ಸ್ ಎದ್ದವು. ನನ್ನ ಅಂಗಡಿ ಎದುರಿಗೇ ಒಂದು. ಮೂರು ದಿನ ನಮ್ಮ ಮನೆಯಲ್ಲಿ ಟಿವಿ ಆರಿಸಲಿಲ್ಲ. ನಾಲ್ಕನೇ ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಎದೆ ಬಿಗಿದುಕೊಂಡಿದೆ. ಬೆರಳೆಲ್ಲ ಜೋಮು. ಎಷ್ಟು ಎಳೆದರೂ ಉಸಿರು ಸಾಲುತ್ತಿಲ್ಲ. ಮೈಯೆಲ್ಲ ಬೆವರು. "ರೀ, ನಾನು ಸಾಯ್ತಾ ಇದೀನಿ, ಮಕ್ಕಳನ್ನ ಎಬ್ಬಿಸಿ" ಅಂದೆ.

ಆಟೋದಲ್ಲಿ ಒಂದು ಖಾಸಗಿ ಆಸ್ಪತ್ರೆಗೆ ಓಡಿದೆವು. ಇಸಿಜಿ ಸರಿಯಾಗಿತ್ತು. "ಗ್ಯಾಸ್ ಅಮ್ಮ, ಏನಿಲ್ಲ, ತಲೆ ಕೆಡಿಸ್ಕೋಬೇಡಿ" ಅಂತ ಕಳಿಸಿದರು. ಆ ಮಾತು ನನಗೆ ಒಳ್ಳೆಯದು ಮಾಡಲಿಲ್ಲ. ಏನೂ ಇಲ್ಲ ಅಂದರೆ ಆ ರಾತ್ರಿ ನಾನು ಪಟ್ಟದ್ದು ಏನು? ವಾರದೊಳಗೆ ಇನ್ನೂ ಮೂರು ಸಲ ಹಾಗೇ ಆಯಿತು. ಮೈಸೂರಿನ ಜಯದೇವಕ್ಕೆ ಹೋದೆವು. ಅಪ್ಪು ಹೋದ ಮೇಲೆ ಎದೆ ತೋರಿಸೋಕೆ ಅಲ್ಲಿ ಜನವೋ ಜನ. ಎಲ್ಲರ ಮುಖದಲ್ಲೂ ನನ್ನದೇ ಭಯ. ಎಕೋ, ಟಿಎಂಟಿ ಎರಡೂ ಚೆನ್ನಾಗಿ ಬಂದವು. ಇಲ್ಲಿ ಒಂದು ಮಾತು ಹೇಳಲೇಬೇಕು. ಎದೆನೋವು ಮೊದಲ ಸಲ ಬಂದಾಗ ಭಯ ಇರಬಹುದು ಅಂತ ಮನೆಯಲ್ಲಿ ಕೂರಬೇಡಿ. ಮೊದಲು ಹೃದಯ ತೋರಿಸಿ. ನಾನು ತಪ್ಪಿದ್ದು ಅಲ್ಲಲ್ಲ. ರಿಪೋರ್ಟ್ ಕೈಗೆ ಬಂದ ಮೇಲೆ ಏನು ಮಾಡಿದೆ ಅನ್ನೋದರಲ್ಲಿ.

ಆ ರಿಪೋರ್ಟಿನ ಧೈರ್ಯ ನಾಲ್ಕು ದಿನ ಇತ್ತು. ಐದನೇ ದಿನ, "ಪರೀಕ್ಷೆ ಮಾಡಿಸಿ ನಾಲ್ಕು ದಿನ ಆಯ್ತಲ್ಲ, ಈಗ ಏನಾಗಿದೆಯೋ" ಅನ್ನಿಸಿತು. ಕೊರೊನಾ ಕಾಲದಲ್ಲಿ ತಂದ ಆಕ್ಸಿಮೀಟರ್ ಬೆರಳಿಗೆ ಬಂತು. ದಿನಕ್ಕೆ ಮೂವತ್ತು ನಲವತ್ತು ಸಲ. ರವಿಕೆಗೆ ತೋಳು ಕೂರಿಸುವಾಗ ನಡುವೆ ಎದ್ದು ನಾಡಿ ಹಿಡಿದು ನೋಡುತ್ತಿದ್ದೆ. ರಾತ್ರಿಯೆಲ್ಲ ಯೂಟ್ಯೂಬಿನಲ್ಲಿ ಹಾರ್ಟ್ ಅಟ್ಯಾಕ್ ಲಕ್ಷಣ. ಯಜಮಾನರಿಗೆ ಫೋನ್ ಮಾಡಿ, "ನಂಗೇನೂ ಆಗಲ್ಲ ಅಲ್ವಾ?" ಅಂತ ಕೇಳುವುದು. ಅವರು ಆಗಲ್ಲ ಅಂದರೆ ಹತ್ತು ನಿಮಿಷ ನೆಮ್ಮದಿ. ಸಾವಿನ ಮನೆಗೆ ಹೋಗುವುದನ್ನು ಪೂರ್ತಿ ಬಿಟ್ಟೆ. ತಮಟೆ ಸದ್ದು ಕೇಳಿದರೆ ಅಂಗಡಿ ಬಾಗಿಲು ಅರ್ಧ ಎಳೆಯುತ್ತಿದ್ದೆ. ಎದುರಿನ ಫ್ಲೆಕ್ಸ್ ಕಾಣಬಾರದು ಅಂತ ಮಿಷಿನ್ನನ್ನೇ ತಿರುಗಿಸಿ ಇಟ್ಟುಕೊಂಡೆ.

ಕೊನೆಗೆ ನಮ್ಮ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅರ್ಧ ಗಂಟೆ ನನ್ನ ಮಾತು ಕೇಳಿದರು. ಆಮೇಲೆ ಒಂದು ಚೀಟಿಯ ಹಿಂದೆ ಗುಡ್ಡದ ಹಾಗೆ ಒಂದು ಗೆರೆ ಎಳೆದರು. ಸೈಕಲ್ಲಿಗೆ ನಾಯಿ ಅಡ್ಡ ಬಂದಾಗ ಎದೆ ಹೊಡೆದುಕೊಳ್ಳುತ್ತದಲ್ಲ, ಅದೇ ಇದು, ನಾಯಿ ಮಾತ್ರ ಇಲ್ಲ ಅಂದರು. ಇದಕ್ಕೆ ಪ್ಯಾನಿಕ್ ಅಟ್ಯಾಕ್ ಅನ್ನುತ್ತಾರೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೆ ಏರುತ್ತದೆ. ಆಮೇಲೆ ತಾನಾಗೇ ಇಳಿಯುತ್ತದೆ. ಬೆರಳು ಜೋಮು ಹಿಡಿಯುವುದು, ತಲೆ ತಿರುಗುವುದು ಉಸಿರು ಕಡಿಮೆಯಾಗಿ ಅಲ್ಲ, ಜಾಸ್ತಿಯಾಗಿ. ಜೋರಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಹಾಗಾಗುತ್ತದೆ. ಒಂದು ಮಾತ್ರೆ ಬರೆದುಕೊಟ್ಟರು. ಅದು ಕೆಲಸ ಮಾಡೋಕೆ ಎರಡು ಮೂರು ವಾರ ಬೇಕು, ನೀವಾಗಿ ನಿಲ್ಲಿಸಬೇಡಿ ಅಂತ ಎಚ್ಚರಿಕೆ ಹೇಳಿದರು. ಹತ್ತು ತಿಂಗಳು ತೆಗೆದುಕೊಂಡು, ಅವರು ಹೇಳಿದ ಹಾಗೆ ನಿಧಾನವಾಗಿ ಬಿಟ್ಟೆ.

ನನ್ನ ಕಣ್ಣು ತೆರೆಸಿದ್ದು ಅವರ ಇನ್ನೊಂದು ಮಾತು. "ಭಯ ಕಡಿಮೆ ಮಾಡ್ಕೊಳ್ಳೋಕೆ ಅಂತ ನೀವು ಮಾಡ್ತಿರೋ ಕೆಲಸಗಳೇ ಅದಕ್ಕೆ ಗೊಬ್ಬರ ಹಾಕ್ತಾ ಇವೆ" ಅಂದರು. ಆಕ್ಸಿಮೀಟರ್ ನೋಡಿದಾಗ, ಸಾವಿನ ಮನೆಯಿಂದ ಓಡಿ ಬಂದಾಗ, ಭಯ ಇಳಿಯೋದಕ್ಕೆ ಮುಂಚೆ ನಾನೇ ಎದ್ದು ಬಿಡುತ್ತಿದ್ದೆ. ಅದು ತಾನಾಗೇ ಇಳಿಯುತ್ತದೆ ಅನ್ನೋದನ್ನು ಒಂದು ದಿನವೂ ಕೂತು ನೋಡಿರಲಿಲ್ಲ.

ಅಳತೆ ತೆಗೆಯುವುದು ನನ್ನ ಕಸುಬು. ಅಂಗಡಿಯ ಅಳತೆ ಪುಸ್ತಕದ ಕೊನೇ ಹಾಳೆಗಳಲ್ಲಿ ಭಯದ ಅಳತೆ ಬರೆಯೋಕೆ ಶುರು ಮಾಡಿದೆ. ಹತ್ತಕ್ಕೆ ಎಷ್ಟು, ಎಷ್ಟು ಗಂಟೆಗೆ ಶುರು, ಎಷ್ಟು ಗಂಟೆಗೆ ಇಳಿಯಿತು. ಆಕ್ಸಿಮೀಟರನ್ನು ಮಗಳ ಕೈಗೆ ಕೊಟ್ಟು, ನಾನು ಅತ್ತರೂ ಕೊಡಬೇಡ ಅಂದೆ. ಮೊದಲ ರಾತ್ರಿ ನರಕ. 2:10ಕ್ಕೆ ಒಂಬತ್ತು. 2:20ಕ್ಕೂ ಒಂಬತ್ತು. ಗೋಡೆಗೆ ಒರಗಿ, ನಿಧಾನವಾಗಿ ಉಸಿರು ಬಿಡುತ್ತಾ ಕೂತೆ. 2:35ಕ್ಕೆ ಐದು. 2:50ಕ್ಕೆ ಮೂರು. ಬೆಳಿಗ್ಗೆ ಆ ಸಾಲನ್ನು ಎಷ್ಟು ಸಲ ಓದಿದೆನೋ. ಯಾರೂ ಏನೂ ಮಾಡದೆ ಇಳಿದಿತ್ತು.

ಆಮೇಲೆ ಹೊರಗಿನ ಕೆಲಸ. ಮಿಷಿನ್ನನ್ನು ಮತ್ತೆ ರಸ್ತೆ ಕಡೆಗೆ ತಿರುಗಿಸಿದೆ. ಫ್ಲೆಕ್ಸ್ ಅಷ್ಟು ಹೊತ್ತಿಗೆ ಬಿಸಿಲಿಗೆ ಬೆಳ್ಳಗಾಗಿತ್ತು. ಫೆಬ್ರವರಿಯಲ್ಲಿ ನಮ್ಮ ಹಿಂದಿನ ಬೀದಿಯ ಅಜ್ಜಿಯೊಬ್ಬರು ತೀರಿಕೊಂಡರು. 80 ದಾಟಿದ್ದ ಜೀವ. ನನ್ನ ಹತ್ತಿರವೇ ರವಿಕೆ ಹೊಲಿಸುತ್ತಿದ್ದರು. ಡಾಕ್ಟರ್ ಹೇಳಿದ್ದ ನಿಯಮ ಒಂದೇ: ಅಳತೆ ಅರ್ಧಕ್ಕೆ ಇಳಿಯೋವರೆಗೂ ಎದ್ದು ಬರಬಾರದು. ಗೇಟಿನ ಹತ್ತಿರವೇ ಒಂಬತ್ತು. ಕಾಲು ನಡುಗುತ್ತಿತ್ತು. ಒಳಗೆ ಹೋಗಿ ಗೋಡೆ ಪಕ್ಕ ಕೂತೆ. ಅಜ್ಜಿಯ ಮಗಳು ಹಳೇದನ್ನೆಲ್ಲ ಆಡಿಕೊಂಡು ಅಳುತ್ತಿದ್ದಳು: ನನ್ನ ಬಾಣಂತನಕ್ಕೆ ಬಂದು ರಾಗಿ ಬೀಸಿದವ್ವ, ನನ್ನ ಮಗನಿಗೆ ಕುಲಾವಿ ಕಟ್ಟಿದವ್ವ ಅಂತ. ಹೊರಗೆ ಚಟ್ಟದ ಬಿದಿರು ಇನ್ನೂ ಬಂದಿಲ್ಲ ಅಂತ ಗಂಡಸರ ಗಲಾಟೆ. ಯಾರೋ ಹಸಿದ ಮಕ್ಕಳಿಗೆ ಬನ್ ಹಂಚಿದರು. ನನ್ನ ಕೈಗೂ ಒಂದು ಲೋಟ ಟೀ ಬಂತು. ಅಜ್ಜಿಗೆ ಸ್ನಾನ ಮಾಡಿಸಿ ಅರಿಶಿನ ಹಚ್ಚುವಾಗ, "ಬಾರವ್ವ, ಒಂದ್ ಕೈ ಹಿಡಿ" ಅಂದರು. ಹಿಡಿದೆ. ತಣ್ಣಗಿತ್ತು. ಆ ತೋಳಿನ ಸುತ್ತಳತೆ ನನಗೆ ಗೊತ್ತಿತ್ತು, ಹತ್ತೂವರೆ ಇಂಚು. ಅದೇ ತೋಳು. ಬಾಯಿಗೆ ನಾಲ್ಕು ಅಕ್ಕಿಕಾಳು ಹಾಕಿ, ಕಾಲು ಮುಟ್ಟಿ ನಮಸ್ಕಾರ ಮಾಡುವಾಗ ಅಳು ಬಂತು. ಆ ಅಳು ಅಜ್ಜಿಯದ್ದು ಮಾತ್ರ ಅಲ್ಲ, ಮಾವನದ್ದೂ ಹೌದು. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು ಪುಸ್ತಕದಲ್ಲಿ ಬರೆದೆ: ಮೂರು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಎಲ್ಲ ಹೀಗೇ ಸಲೀಸಾಗಿ ಆಗಲಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಸ್ತ್ರೀಶಕ್ತಿ ಸಂಘದ ಒಬ್ಬಳು ಹೋದಳು. ನನಗಿಂತ ಚಿಕ್ಕವಳು. ಅವಳ ಮಗ, ಆರನೇ ಕ್ಲಾಸಿನವನು, ಬಾಗಿಲಲ್ಲಿ ನಿಂತಿದ್ದ. ಅವನನ್ನು ನೋಡಿ ಹತ್ತಕ್ಕೆ ಏರಿತು. ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿ ಬಂದೆ. ಡಾಕ್ಟರಿಗೆ ಹೇಳಿದಾಗ, "ನಿಮಗೆ ಯಾವುದರ ಭಯ ಅಂತ ಈಗ ಗೊತ್ತಾಯ್ತು ನೋಡಿ. ತಿಥಿಗೆ ಹೋಗಿ ಬನ್ನಿ" ಅಂದರು. ಹೋದೆ. ಆ ಹುಡುಗನಿಗೆ ಊಟ ಬಡಿಸಿದೆ.

ಗೊತ್ತಾದದ್ದು ಇಷ್ಟು: ನನಗೆ ಸಾಯುವುದಕ್ಕಿಂತ ಮಕ್ಕಳ ಗತಿಯ ಭಯ ಜಾಸ್ತಿ. ಅದಕ್ಕೆ ಕೂತು ಉಸಿರು ಬಿಟ್ಟರೆ ಸಾಲದು, ಕೆಲಸ ಮಾಡಬೇಕು. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ಕಿಗೆ ನಾಮಿನಿ ಸೇರಿಸಿದೆ. ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ ಮಾಡಿಸಿದೆ. ವರ್ಷಕ್ಕೆ 436 ರೂಪಾಯಿ, ಹೋದರೆ ಮನೆಯವರಿಗೆ 2 ಲಕ್ಷ, 50 ವರ್ಷದೊಳಗೆ ಸೇರಬೇಕು. ಅಂಗಡಿ ಮತ್ತು ನನ್ನ ಒಡವೆ ಬಗ್ಗೆ ವಿಲ್ ಬರೆದೆ. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ, ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ರಿಜಿಸ್ಟರ್ ಮಾಡಿಸುವುದು ಕಡ್ಡಾಯ ಅಲ್ಲ. ಮಗಳನ್ನು ಪಕ್ಕ ಕೂರಿಸಿಕೊಂಡು ಯಾವ ಕಾಗದ ಎಲ್ಲಿದೆ ಅಂತ ತೋರಿಸಿದೆ. ಅವಳು ಅತ್ತಳು, ನಾನೂ ಅತ್ತೆ. ಆಮೇಲೆ ಇಬ್ಬರೂ ಉಪ್ಪಿಟ್ಟು ಮಾಡಿಕೊಂಡು ತಿಂದೆವು.

ಅಪ್ಪು ಅವರ ಕಣ್ಣಿನಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಆ ಸುದ್ದಿ ಬಂದಾಗ ನಾನು ಚಾನೆಲ್ ಬದಲಾಯಿಸಿದ್ದೆ. ಈಗ ನಾನೂ ಕಣ್ಣು ಬರೆದುಕೊಟ್ಟಿದ್ದೇನೆ. ಕನ್ನಡಕ ಹಾಕಿದವರು, ಶುಗರ್ ಇರುವವರೂ ಕೊಡಬಹುದು. ಪ್ರಾಣ ಹೋದ ಆರು ಗಂಟೆಯೊಳಗೆ ತೆಗೆಯಬೇಕು. ಬರೆದುಕೊಟ್ಟಿದ್ದರೂ ಆ ಹೊತ್ತಿಗೆ ಮನೆಯವರ ಒಪ್ಪಿಗೆ ಬೇಕು. ಅದಕ್ಕೇ ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೇನೆ: ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಡಿ, ಫ್ಯಾನ್ ಆರಿಸಿ.

ನಮ್ಮವ್ವನಿಗೆ ಇದನ್ನೆಲ್ಲ ಹೇಳೋಕೆ ಹೆದರಿದ್ದೆ. ಅವಳು ಕೇಳಿ, ಒಳಗೆ ಹೋಗಿ ಟ್ರಂಕ್ ತೆಗೆದು ಒಂದು ಹಸಿರು ಸೀರೆ ತಂದಳು. "ನಾನ್ ಹೋದಾಗ ಇದುನ್ನೇ ಉಡುಸ್ರವ್ವ. ಐದ್ ವರ್ಸದಿಂದ ಎತ್ತಿಟ್ಟಿವ್ನಿ" ಅಂದಳು. ನಿನಗೆ ಭಯ ಆಗಲ್ವಾ ಅಂದೆ. "ಹೆದ್ರುಕೊಂಡ್ರೆ ಬುಟ್ಬುಡ್ತದಾ?" ಅಂದು, ಸೀರೆಗೆ ರವಿಕೆ ಇನ್ನೂ ಹೊಲಿಸಿಲ್ಲ ಅಂತ ಬಟ್ಟೆಯನ್ನು ನನ್ನ ಕೈಗೇ ಕೊಟ್ಟಳು. ಹೊಲಿದೆ. ಹೊಲಿಯುವಾಗ ಎರಡು ಸಲ ಸೂಜಿ ಮುರಿಯಿತು, ಆದರೂ ಮುಗಿಸಿದೆ.

ಭಯ ಪೂರ್ತಿ ಹೋಗಿಲ್ಲ. ಈಗಲೂ ಎರಡು ಮೂರು ತಿಂಗಳಿಗೊಮ್ಮೆ ರಾತ್ರಿ ಬರುತ್ತದೆ. ಐದಕ್ಕೆ ಏರಿ ಇಳಿಯುತ್ತದೆ. ಬಂದಾಗ ನಾಡಿ ಹಿಡಿಯುವುದಿಲ್ಲ, ಅಷ್ಟೇ ವ್ಯತ್ಯಾಸ. ಡಾಕ್ಟರ್ ಹತ್ತಿರ ಹೋಗೋಕೆ ಹಿಂಜರಿಯುವವರಿಗೆ ಈಗ 14416 ಅಂತ ಟೆಲಿ ಮಾನಸ್ ನಂಬರ್ ಇದೆ. ಯಾವ ಹೊತ್ತಿನಲ್ಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ರಾತ್ರಿ ಎರಡು ಗಂಟೆಗೆ ಒಬ್ಬರೇ ಕೂತು ಯೂಟ್ಯೂಬ್ ನೋಡಬೇಡಿ. ಅದು ನನ್ನ ಆರು ತಿಂಗಳು ತಿಂದಿತು.

2023ರಲ್ಲಿ, ಮಹಾಲಯ ಅಮಾವಾಸ್ಯೆಗೆ ಮುಂಚೆ, ಮಾವನ ಮಗನ ಜೊತೆ ಪಶ್ಚಿಮವಾಹಿನಿಗೆ ಹೋದೆ. ಪೂರ್ವಕ್ಕೆ ಹರಿಯುವ ಕಾವೇರಿ ಅಲ್ಲಿ ಸ್ವಲ್ಪ ದೂರ ಪಶ್ಚಿಮಕ್ಕೆ ತಿರುಗುತ್ತದೆ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನೂ ಅಲ್ಲಿ ಬಿಟ್ಟಿದ್ದರು. ಮಾವನ ಬೂದಿ ಎಲ್ಲಿ ಬಿಟ್ಟೆ ಅಂತ ಅವರ ಮಗನನ್ನು ಕೇಳಿದೆ. ಅವನು ಮೆಟ್ಟಿಲು ತೋರಿಸಿದ. ಅಲ್ಲೇ ಕಾಲು ನೀರಿಗೆ ಬಿಟ್ಟು ಬಹಳ ಹೊತ್ತು ಕೂತೆವು. ಅವನು ಆ ದಿನದ್ದೆಲ್ಲ ಹೇಳಿದ. ನಾನು ಕೇಳಿದೆ.

ಹಬ್ಬದ ದಿನ ಮಾವನಿಗೆ ಎಡೆ ಇಟ್ಟೆವು. ನಾಟಿಕೋಳಿ ಸಾರು, ಮುದ್ದೆ, ಕಜ್ಜಾಯ, ಒಂದು ಕಟ್ಟು ಬೀಡಿ. ಎಡೆಗೆ ಹೊಸ ಬಟ್ಟೆ ಇಡುವುದು ನಮ್ಮ ಪದ್ಧತಿ. ಅಂಗಡಿಯಿಂದ ತರುವುದು ಬೇಡ ಅಂತ ಹಳೇ ಅಳತೆ ಪುಸ್ತಕಗಳನ್ನೆಲ್ಲ ಹುಡುಕಿದೆ. 2016ರ ಪುಸ್ತಕದಲ್ಲಿ ಸಿಕ್ಕಿತು: ಮಾವ, ಭುಜ 18, ಎದೆ 40, ತೋಳು 24. ಬಿಳಿ ಅಂಗಿ ಹೊಲಿದೆ. ಎಡೆ ತೆಗೆದ ಮೇಲೆ ಅದನ್ನು ಮಾವನ ಮಗ ಹಾಕಿಕೊಂಡ. ತೋಳು ಅರ್ಧ ಇಂಚು ಉದ್ದವಾಯಿತು. ಅಲ್ಲೇ ಕೂತು ಮಡಚಿ ಹೊಲಿದುಕೊಟ್ಟೆ.