ಚೆಂಡೆಗೆ ಮೈಕ್ ಇಡದ ಮೇಲೆ

2024ರ ಮೇ 7ರಂದು ಷಿಕಾಗೊದಲ್ಲಿ ರೆಕಾರ್ಡಿಂಗ್ ಎಂಜಿನಿಯರ್ ಸ್ಟೀವ್ ಆಲ್ಬಿನಿ ತೀರಿಕೊಂಡರು. ಹೃದಯಾಘಾತ, ವಯಸ್ಸು 61. ಕಾಸರಗೋಡಿನ ನನ್ನ ಗೆಳೆಯರಲ್ಲಿ ಆ ಹೆಸರು ಕೇಳಿದವರು ಯಾರೂ ಇರಲಿಲ್ಲ. ಆದರೆ ಕುಂಬಳೆ ಕಡೆಯ ತಾಳಮದ್ದಳೆಗಳನ್ನು, ಅಂದರೆ ವೇಷ ಕಟ್ಟದೆ ಕೂತು ಪದ ಮತ್ತು ಮಾತಿನಲ್ಲೇ ನಡೆಸುವ ಯಕ್ಷಗಾನವನ್ನು, ನಾನು ಈಗ ರೆಕಾರ್ಡ್ ಮಾಡುವ ಕ್ರಮ ಅವರಿಂದಲೇ ಕಲಿತದ್ದು.

ಮೊದಲ ಸಲ ಹಾಗಿರಲಿಲ್ಲ. ಒಂದು ಮನೆಯ ಚಾವಡಿ, ಹೊರಗೆ ಆಟಿಯ ಮಳೆ. ಭಾಗವತರಿಗೊಂದು, ಮದ್ದಳೆಗೊಂದು, ಚೆಂಡೆಗೊಂದು, ಪಾತ್ರಗಳ ಮಾತು (ಅರ್ಥ) ಹೇಳುವ ಅರ್ಥಧಾರಿಗಳಿಗೆ ಒಂದೊಂದು ಮೈಕ್. ಎಲ್ಲವೂ ತೀರಾ ಹತ್ತಿರ. ಅಬ್ಬರದ ಏರುಪದ ಶುರುವಾದದ್ದೇ, ಸದ್ದು ಮಿತಿಮೀರಿತು ಅನ್ನುವ ಮಷೀನಿನ ಕೆಂಪು ದೀಪ ಆರಲೇ ಇಲ್ಲ. ಮನೆಗೆ ಬಂದು ಎಲ್ಲವನ್ನೂ ಉಜ್ಜಿ ತೊಳೆದು, ಮೇಲೊಂದಿಷ್ಟು ಎಕೋ ಸುರಿದೆ. ಭಾಗವತರು ಕೇಳಿದರು. "ಇದು ನಾನಾ ಮಾರಾಯ? ಬಾವಿಯೊಳಗೆ ಕೂತು ಹಾಡಿದ ಹಾಗುಂಟಲ್ಲ!"

ಅಮೆರಿಕದ ನಿರ್ವಾಣ ರಾಕ್ ತಂಡದ 1993ರ ಆಲ್ಬಮ್ ಕೇಳುವಾಗ ಡ್ರಮ್ಸ್ ಪಕ್ಕದಲ್ಲೇ ಕೂತ ಹಾಗೆ ಆಗುತ್ತದೆ. ಯಾಕೆ ಅಂತ ಹುಡುಕುತ್ತ ಹೋದಾಗ ಸಿಕ್ಕವರು ಅದನ್ನು ರೆಕಾರ್ಡ್ ಮಾಡಿದ ಆಲ್ಬಿನಿ. ವಾದ್ಯದ ಹತ್ತಿರದ ಮೈಕ್ ಸಾಲದು, ಕೋಣೆಯ ಸದ್ದಿಗೇ ಬೇರೆ ಮೈಕ್ ಇಡುತ್ತಿದ್ದರು, ಕೆಲವೊಮ್ಮೆ ನೆಲದ ಮೇಲೆ. ಪ್ರೊಡ್ಯೂಸರ್ ಅಂತ ಕರೆಸಿಕೊಳ್ಳಲು ಅವರಿಗೆ ಇಷ್ಟವಿರಲಿಲ್ಲ. ಮಾರಾಟದಲ್ಲಿ ಪಾಲೂ ಬೇಡ. ಪ್ಲಂಬರ್‌ಗೆ ಕೊಡುವ ಹಾಗೆ ಕೆಲಸಕ್ಕೆ ತಕ್ಕ ಕೂಲಿ ಕೊಡಿ ಅಂತ ನಿರ್ವಾಣದವರಿಗೆ ಪತ್ರವನ್ನೇ ಬರೆದಿದ್ದರು.

ಈಗ ನನ್ನ ಹತ್ತಿರ ನಾಲ್ಕೇ ಮೈಕ್. ಸಂಜೆ ಬೇಗ ಹೋಗಿ, ಖಾಲಿ ಚಾವಡಿಯಲ್ಲಿ ಚಪ್ಪಾಳೆ ತಟ್ಟಿ ಕೇಳುತ್ತೇನೆ. ಮನೆಯವರಿಗೆ ಇದು ತಮಾಷೆ. ಹಂಚಿನ ಮಾಡು, ಮರದ ಮುಚ್ಚಿಗೆ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಟೆರೇಸ್ ಹಾಲ್, ಗ್ರಾನೈಟ್ ನೆಲ ಆದರೆ ಸದ್ದು ಬಡಿದು ವಾಪಸ್ ಬರುತ್ತದೆ, ಆಗ ಮನೆಯಲ್ಲಿರುವ ಚಾಪೆಗಳನ್ನೆಲ್ಲ ಕೇಳಿ ಹಾಸುತ್ತೇನೆ. ಮೈಕ್‌ಸೆಟ್ಟಿನವರ ಸ್ಪೀಕರನ್ನು ಅಂಗಳದ ಕಡೆಗೆ ತಿರುಗಿಸಲು ಒಪ್ಪಿಸಬೇಕು. ನಿಜವಾದ ಕಷ್ಟ ಅದೇ. ಹಿಮ್ಮೇಳದಿಂದ ಆರೇಳು ಅಡಿ ದೂರ ಎರಡು ಮೈಕ್, ಭಾಗವತರ ಮುಂದೆ ಒಂದು, ಅರ್ಥಧಾರಿಗಳ ನಡುವೆ ಒಂದು. ಚೆಂಡೆಗೆ ಮೈಕೇ ಇಲ್ಲ, ಅದು ಹೇಗೂ ಎಲ್ಲದರೊಳಗೂ ನುಗ್ಗುತ್ತದೆ. ಜಾಸ್ತಿ ಆಯಿತು ಅನ್ನಿಸಿದರೆ ಬಟನ್ ಮುಟ್ಟುವುದಿಲ್ಲ, ಚೆಂಡೆಯವರ ಚಾಪೆಯನ್ನೇ ಎರಡಡಿ ಹಿಂದೆ ಎಳೆಯುತ್ತೇನೆ.

ಅವರದೆಲ್ಲವೂ ನಮಗೆ ಹೊಂದಲಿಲ್ಲ ಅನ್ನಿ. ಕೋಣೆಯ ಮೈಕಿನ ಸದ್ದನ್ನು ಅವರು ಚೂರು ತಡಮಾಡಿ ಸೇರಿಸುತ್ತಿದ್ದರು. ಹಾಗೆ ಮಾಡಿ ನೋಡಿದೆ. ಪದಕ್ಕೆ ಚೆಂದ, ಅರ್ಥಕ್ಕೆ ಬೇಡ. ವಾದ ಬಿರುಸಾದಾಗ ಮಾತು ಕಲಸಿಹೋಗುತ್ತದೆ.

ಅದೇ ಭಾಗವತರಿಗೆ ಹೊಸದನ್ನು ಕೇಳಿಸಿದೆ. "ಮಳೆ ಸ್ವಲ್ಪ ಜಾಸ್ತಿ ಕೇಳುತ್ತದೆ" ಅಂದರು. ತೆಗೆಯಲಾ ಅಂತ ಕೇಳಿದ್ದಕ್ಕೆ, "ಬೇಡ, ಅಂದು ಬಂದದ್ದು ಹೌದಲ್ಲ" ಅಂದರು.

ಕೂಲಿಯ ವಿಷಯದಲ್ಲೂ ಆಲ್ಬಿನಿ ದಾರಿ ಹಿಡಿದಿದ್ದೇನೆ. ಒಬ್ಬರು ಯೂಟ್ಯೂಬಿನಿಂದ ಬರುವುದರಲ್ಲಿ ಪಾಲು ಕೊಡುತ್ತೇನೆ ಅಂದರು. ಬೇಡ, ಒಂದು ರಾತ್ರಿಯ ಸಂಬಳ ಕೊಟ್ಟುಬಿಡಿ ಅಂದೆ. ಅದು ಇನ್ನೂ ಬಂದಿಲ್ಲ.