ಗೇರ್‌ಬಾಕ್ಸ್ ಇಳಿಸದೆ ಸಿಗ್ನಲ್ ಜರ್ಕ್ ಬಿಡಿಸಿದ್ದು

ಡೀಸೆಲ್ ಎಸ್‌ಯುವಿ, ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವಂಥದ್ದು) ಆಟೋಮ್ಯಾಟಿಕ್, ಓಡಿದ್ದು ಅರವತ್ತು ಸಾವಿರದ ಆಸುಪಾಸು. ಸಿಗ್ನಲ್‌ನಲ್ಲಿ ಎಂಜಿನ್ ತಾನೇ ನಿಲ್ಲುತ್ತಿತ್ತು, ಬ್ರೇಕ್ ಬಿಟ್ಟರೆ ಏಳುತ್ತಿತ್ತು (ಇದೇ ಸ್ಟಾರ್ಟ್-ಸ್ಟಾಪ್), ಆದರೆ ಎದ್ದ ಕೂಡಲೇ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಧಡ್ ಅಂತ ಒಂದು ಏಟು. ನನ್ನ ಶೆಡ್ಡಿಗೆ ಬರುವ ಮುಂಚೆ ಎರಡು ಕಡೆ ವಾಲ್ವ್ ಬಾಡಿ (ಗೇರ್‌ಬಾಕ್ಸಿನೊಳಗೆ ಆಯಿಲ್ ಪ್ರೆಶರ್ ಹಂಚುವ ಭಾಗ) ಹೋಗಿದೆ ಅಂದಿದ್ದರು. ಒಬ್ಬರು ಕೇಳಿದ್ದು 1.6 ಲಕ್ಷ, ಇನ್ನೊಬ್ಬರು ಎರಡರ ಹತ್ತಿರ.

ಕೀ ಹಾಕಿ ಸ್ಟಾರ್ಟ್ ಮಾಡಿದಾಗ ಜರ್ಕ್ ಇಲ್ಲ, ಡಿ ಹಾಕಿದರೂ ಇಲ್ಲ. ಸ್ಟಾರ್ಟ್-ಸ್ಟಾಪ್ ಆಫ್ ಮಾಡಿ ಸಿಲ್ಕ್ ಬೋರ್ಡ್ ತನಕ ಹೋಗಿ ಬಂದೆ, ಒಂದೇ ಒಂದು ಸಲವೂ ಬರಲಿಲ್ಲ. ವಾಲ್ವ್ ಬಾಡಿ ಹೋಗಿದ್ದರೆ ಇಷ್ಟು ಲೆಕ್ಕ ಇಟ್ಟು ಕಾಡುವುದಿಲ್ಲ. ಎಂಜಿನ್ ತಾನೇ ನಿಂತು ಎದ್ದಾಗ ಮಾತ್ರ ಏಟು, ಹಾಗಾಗಿ ಬ್ಯಾಟರಿ ಕಡೆ ಏನೋ ಇದೆ ಅಂದೆ. "ಬ್ಯಾಟರಿಗೂ ಗೇರ್ ಏಟಿಗೂ ಏನಯ್ಯಾ ಸಂಬಂಧ?" ಅಂತ ಪಕ್ಕದ ಶೆಡ್ಡಿನವರೇ ಕೇಳಿದರು.

ಆದರೂ ಮೊದಲು ನಾನೂ ದಾರಿ ತಪ್ಪಿದೆ. ಗೇರ್‌ಬಾಕ್ಸ್ ಆಯಿಲ್ ಬದಲಿಸಿ ಅಡಾಪ್ಟೇಶನ್ (ಗೇರ್‌ಬಾಕ್ಸಿನ ಕಂಪ್ಯೂಟರ್ ಓಡುತ್ತಾ ಕಲಿತಿಟ್ಟ ಲೆಕ್ಕ) ರೀಸೆಟ್ ಮಾಡಿದೆ, ಹದಿನಾಲ್ಕು ಸಾವಿರ ಹೋಯಿತು. ಎರಡು ದಿನ ಬೆಣ್ಣೆಯಂತೆ ಓಡಿ ಮೂರನೇ ದಿನ ಮತ್ತೆ ಏಟು. ಹೊಸ ಎಜಿಎಂ ಬ್ಯಾಟರಿ (ಸ್ಟಾರ್ಟ್-ಸ್ಟಾಪ್ ತಡೆಯುವಂಥದ್ದು) ಹಾಕಿ, ಗಾಡಿಯ ಕಂಪ್ಯೂಟರಿಗೆ ತಿಳಿಸಿ ರಿಜಿಸ್ಟರ್ ಮಾಡಿಸಿದೆ, ಇನ್ನೊಂದು ಹದಿನೆಂಟು ಸಾವಿರ. ಮೂರು ವಾರ ಸುಮ್ಮನಿದ್ದು ಅದೂ ಕೈಕೊಟ್ಟಿತು. ಓನರ್ ಮುಖ ನೋಡಲಾಗದೆ ಆಯಿಲ್ ದುಡ್ಡು ನಾನೇ ಬಿಟ್ಟುಕೊಟ್ಟೆ.

ಬಾನೆಟ್ ತೆಗೆದಿಟ್ಟು ಮೀಟರ್ ಹಿಡಿದು ಒಂದಿಡೀ ದಿನ ಕಳೆದೆ. ಬಾನೆಟ್ ತೆರೆದಿದ್ದರೆ ಸ್ಟಾರ್ಟ್-ಸ್ಟಾಪ್ ಕೆಲಸವನ್ನೇ ಮಾಡುವುದಿಲ್ಲ! ಬಾನೆಟ್ ಲಾಕಿನ ಸ್ವಿಚ್ ಒತ್ತಿಟ್ಟು ಮೋಸ ಮಾಡಬಹುದು, ಆದರೆ ಬೆಲ್ಟ್ ಹತ್ತಿರ ಕೈ ಇದ್ದಾಗ ಎಂಜಿನ್ ತಾನೇ ಎದ್ದರೆ ಬೆರಳು ಹೋಗುತ್ತದೆ, ಯಾರೂ ಮಾಡಬೇಡಿ. ಉದ್ದ ವೈರ್ ಎಳೆದು ಮೀಟರನ್ನು ಡ್ರೈವರ್ ಸೀಟಿಗೆ ತಂದೆ. ಬ್ರೇಕ್ ಹಿಡಿದೇ ಎಸಿ ಜಾಸ್ತಿ ಮಾಡಿದರೆ ಎಂಜಿನ್ ತಾನೇ ಏಳುತ್ತದೆ, ಗಾಡಿ ಕದಲುವುದಿಲ್ಲ. ಹಾಗೆ ಎಬ್ಬಿಸಿ ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ನೋಡಿದೆ. ಡಿಯಲ್ಲಿ ಗಾಡಿ ನಿಂತಿರುವಾಗ ಟರ್ಬೈನ್ (ಟಾರ್ಕ್ ಕನ್ವರ್ಟರಿನೊಳಗೆ ಗೇರ್‌ಬಾಕ್ಸನ್ನು ತಿರುಗಿಸುವ ಚಕ್ರ) ವೇಗ ಸೊನ್ನೆಯಲ್ಲೇ ಇರಬೇಕು. ಇಲ್ಲಿ ಐನೂರು ಆರ್‌ಪಿಎಂ ತನಕ ಹಾರಿ ದಪ್ಪೆಂದು ಸೊನ್ನೆಗೆ ಬೀಳುತ್ತಿತ್ತು. ಆ ಬೀಳುವಿಕೆಯೇ ಏಟು. ಅದೇ ಕ್ಷಣ ವೋಲ್ಟೇಜ್ ಎಂಟಕ್ಕಿಂತ ಕೆಳಗೆ. ಎಂಜಿನ್ ನಿಂತಾಗ ಗೇರ್‌ಬಾಕ್ಸಿನೊಳಗಿನ ಕ್ಲಚ್ ಪ್ರೆಶರ್ ಹಿಡಿದಿಡುವುದು ಸಣ್ಣ ಎಲೆಕ್ಟ್ರಿಕ್ ಪಂಪ್. ಸೆಲ್ಫ್ ಎಳೆದ ಏಟಿಗೆ ಅದು ಸುಸ್ತಾಗಿ ಕ್ಲಚ್ ಬಿಟ್ಟುಕೊಡುತ್ತಿತ್ತು, ಪ್ರೆಶರ್ ಬಂದು ಕ್ಲಚ್ ಮತ್ತೆ ಕಚ್ಚಿದಾಗ ಧಡ್. ಜೆಡ್‌ಎಫ್ ಅನ್ನುವ ಜರ್ಮನ್ ಕಂಪನಿಯ ಎಂಟು ಗೇರಿನ ಬಾಕ್ಸಿನಲ್ಲಿ ಈ ಕೆಲಸಕ್ಕೆ ಸ್ಪ್ರಿಂಗ್ ಪಿಸ್ಟನ್ ಇರುತ್ತದೆ, ಸುಮಾರು 100 ಮಿ.ಲೀ. ಆಯಿಲ್ ಕೂಡಿಟ್ಟು ಒಮ್ಮೆಲೇ ತಳ್ಳುತ್ತದೆ. ನನಗೆ ಆ ಏರ್ಪಾಡೇ ಇಷ್ಟ.

ಹೊಸ ಬ್ಯಾಟರಿ ಯಾಕೆ ಸೋತಿತು? ಡಿಕ್ಕಿಯಲ್ಲಿ ಸಬ್‌ವೂಫರ್ ಇತ್ತು. ಅದರ ಆಂಪ್ಲಿಫೈಯರ್ ಅರ್ಥ್ ವೈರನ್ನು ನೇರ ಮೈನಸ್ ಪೋಸ್ಟಿಗೆ ಕಚ್ಚಿಸಿದ್ದರು. ಬ್ಯಾಟರಿಗೆ ಹೋಗಿ ಬರುವ ಕರೆಂಟ್ ಅಳೆಯಲು ಪೋಸ್ಟಿನ ಮೇಲೆ ಕೂತ ಸೆನ್ಸರ್ ಮೂಲಕ ಹೋಗದ ಕರೆಂಟ್ ಲೆಕ್ಕಕ್ಕೇ ಸಿಗುವುದಿಲ್ಲ. ಬ್ಯಾಟರಿ ಬರಿದಾಗುತ್ತಿದ್ದರೂ ಅದು ತುಂಬಿದೆ ಅಂದುಕೊಂಡು ಗಾಡಿ ಎಂಜಿನ್ ನಿಲ್ಲಿಸುತ್ತಿತ್ತು. ಜೊತೆಗೆ ಎಂಜಿನ್-ಬಾಡಿ ಅರ್ಥ್ ಪಟ್ಟಿ ಒಳಗೆ ಹಸಿರುಗಟ್ಟಿ, ಸೆಲ್ಫ್ ಹೊಡೆಯುವಾಗ 0.9 ವೋಲ್ಟ್ ತಿನ್ನುತ್ತಿತ್ತು.

ಜೆ.ಸಿ. ರಸ್ತೆಯಿಂದ ತಂದ ಪಟ್ಟಿಗೆ ಎಂಟುನೂರು ರೂಪಾಯಿ. ಆಂಪ್ಲಿಫೈಯರ್ ಅರ್ಥನ್ನು ಬಾಡಿಗೆ ಹಾಕಿದೆ, ರಾತ್ರಿಯಿಡೀ ಚಾರ್ಜ್ ಮಾಡಿದೆ, ಆಮೇಲೆ ಆರು ಗಂಟೆ ಲಾಕ್ ಮಾಡಿ ಮುಟ್ಟದೆ ಬಿಟ್ಟೆ. ಸೆನ್ಸರ್ ತನ್ನ ಲೆಕ್ಕ ತಿದ್ದಿಕೊಳ್ಳಲಿ ಅಂತ. ಕೊನೆಗೆ ಅಡಾಪ್ಟೇಶನ್ ಕಲಿಸುವ ಓಟ. ಯಾವ ಬಿಸಿಯಲ್ಲಿ ಶುರು ಮಾಡಿ ಎಷ್ಟು ಸಲ ನಿಲ್ಲಿಸಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ, ಅದು ನನ್ನ ಅನ್ನ. ಕೂಲಿ ಸೇರಿ ಕೊನೆಯ ಬಿಲ್ ಐದೂವರೆ ಸಾವಿರ ದಾಟಲಿಲ್ಲ.

ಸ್ಟಾರ್ಟ್-ಸ್ಟಾಪ್‌ಗೆ ಸಾದಾ ಬ್ಯಾಟರಿ ಸಾಕಾಗದು. ಸ್ಟಾರ್ಟ್-ಸ್ಟಾಪ್ ಇರುವ ನನ್ನ ಸ್ವಂತ ಮ್ಯಾನುಯಲ್ ಗಾಡಿಗೆ ಪ್ರಯೋಗಕ್ಕೆಂದು ಐದೂವರೆ ಸಾವಿರದ ಸಾದಾ ಬ್ಯಾಟರಿ ಹಾಕಿದ್ದೆ, ಎಂಟು ತಿಂಗಳಿಗೆ ಸತ್ತಿತು. ಬ್ರೇಕನ್ನು ಮೆಲ್ಲಗೆ ಒತ್ತಿ ಎಂಜಿನ್ ನಿಲ್ಲದ ಹಾಗೆ ನೋಡಿಕೊಳ್ಳುವುದೂ ಎಷ್ಟೋ ಆಟೋಮ್ಯಾಟಿಕ್ ಗಾಡಿಗಳಲ್ಲಿ ಆಗುತ್ತದೆ. ನುಗ್ಗಿ ನಿಲ್ಲುವ ಟ್ರಾಫಿಕ್ಕಿನಲ್ಲಿ ಅದು ಒಳ್ಳೆಯದು, ಇಳಿಜಾರಿನಲ್ಲಿ ಬೇಡ.

ಆ ಎಸ್‌ಯುವಿ ಹನ್ನೊಂದು ತಿಂಗಳಿಂದ ಅದೇ ಗೇರ್‌ಬಾಕ್ಸಿನಲ್ಲಿ ಓಡುತ್ತಿದೆ. ಸಂಬಂಧ ಏನಯ್ಯಾ ಅಂದವರು ಕಳೆದ ವಾರ ಒಂದು ಸಿವಿಟಿ (ಬೆಲ್ಟಿನ ಆಟೋಮ್ಯಾಟಿಕ್) ಗಾಡಿ ಕಳಿಸಿದ್ದಾರೆ, ಅದರ ಮೈನಸ್ ಪೋಸ್ಟಿನಲ್ಲೂ ಎರಡು ವೈರ್ ಇವೆ.