ಹತ್ತು ಮೂಟೆ ಎತ್ತುವ ಪುಟ್ಟ ಪವರ್ ಪ್ಯಾಕ್: ನಾನು ಲೆಕ್ಕ ಹಾಕುವ ರೀತಿ

"ಮೇಸ್ತ್ರಿ, ನಿಮ್ ಮಿಷಿನ್ನು ಬೆಳಿಗ್ಗೆ ಹೊತ್ತು ಬರೀ ಗುಂಯ್ ಅಂತದೆ, ಮೇಲಕ್ಕೆ ಏಳಲ್ಲ." ಆಲ್ದೂರಿನ ಹತ್ತಿರದ ತೋಟದ ಗೌಡರು ಫೋನಿನಲ್ಲಿ ಹೇಳಿದ್ದು ಇಷ್ಟೇ. ನಾನು ಹಾಸನದ ವರ್ಕ್‌ಶಾಪಿನಿಂದ ಟೂಲ್ ಬಾಕ್ಸ್ ತಗೊಂಡು ಹೊರಟೆ. ಬೇಲೂರು ದಾಟುವಷ್ಟರಲ್ಲೇ ತಪ್ಪು ಎಲ್ಲಿ ಆಗಿದೆ ಅಂತ ಮನಸ್ಸಿಗೆ ಹೊಳೆದಿತ್ತು.

ಅದು ಕಾಫಿ ಮೂಟೆಗಳನ್ನು ಗೋಡೌನಿನ ನೆಲದಿಂದ ಲಾರಿಯ ಮಟ್ಟಕ್ಕೆ ಎಣ್ಣೆಯ ಒತ್ತಡದಿಂದ ಎತ್ತುವ ಕತ್ತರಿ ಲಿಫ್ಟ್. ಪಂಪ್ ಎಣ್ಣೆ ತಳ್ಳಿದಾಗ ಸಿಲಿಂಡರ್ ಚಾಚುತ್ತದೆ, ಕತ್ತರಿ ಬಿಚ್ಚಿಕೊಂಡು ಪ್ಲಾಟ್‌ಫಾರ್ಮ್ ಏರುತ್ತದೆ. ಅದಕ್ಕೆ ಮೋಟಾರ್, ಪಂಪ್, ಟ್ಯಾಂಕ್ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಪುಟ್ಟ ಪವರ್ ಪ್ಯಾಕ್ ಮಾಡಿಕೊಟ್ಟಿದ್ದೆ. ಬೇಗ ಏಳಲಿ ಅಂತ 4.2 ಸಿಸಿ ಗೇರ್ ಪಂಪ್, ಅಂದರೆ ಒಂದು ಸುತ್ತಿಗೆ 4.2 ಸಿಸಿ ಎಣ್ಣೆ ತಳ್ಳುವುದು, ಹಾಕಿದ್ದೆ. ಮೋಟಾರ್ 2 ಎಚ್‌ಪಿ, ಸಿಂಗಲ್ ಫೇಸ್. ಸ್ವಲ್ಪ ಹೊತ್ತಿನ ಕೆಲಸ ತಾನೇ, ತಡೆಯುತ್ತದೆ ಅಂದುಕೊಂಡಿದ್ದೆ. ಅದೇ ಮಿಷಿನ್ನನ್ನು ಈಗ ಮಾಡುವುದಾದರೆ ಹೇಗೆ ಮಾಡುತ್ತೇನೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕರೆಂಟು ನೋಡಿ. ಕ್ಯಾಟಲಾಗ್ ಆಮೇಲೆ. ಗೌಡರ ಮನೆಯ ಮೀಟರ್ ಬೋರ್ಡಿನಲ್ಲಿ 225 ವೋಲ್ಟ್ ಇತ್ತು. ಗೋಡೌನಿನಲ್ಲಿ, ಮೋಟಾರ್ ಶುರುವಾಗುವ ಕ್ಷಣಕ್ಕೆ, ಮೀಟರ್ 170 ತೋರಿಸಿತು. ನಡುವೆ 60 ಮೀಟರ್ ಉದ್ದದ 1.5 ಚದರ ಮಿ.ಮೀ. ವೈರು. ಹೋಗಿ ಬರುವ ದಾರಿ ಸೇರಿ 120 ಮೀಟರ್ ತಾಮ್ರ, ಅಂದರೆ ಸುಮಾರು ಒಂದೂವರೆ ಓಮ್. ಶುರುವಾಗುವಾಗ ಮೋಟಾರ್ 40 ಆಂಪಿಯರ್ ಎಳೆದರೆ ಆ ವೈರಿನಲ್ಲೇ ಹತ್ತಿರ ಹತ್ತಿರ 60 ವೋಲ್ಟ್ ಕರಗಿ ಹೋಗುತ್ತದೆ. ಇಂಡಕ್ಷನ್ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಇಳಿಯುತ್ತದೆ. 230ರ ಜಾಗದಲ್ಲಿ 170 ಸಿಕ್ಕರೆ ಉಳಿಯುವುದು ಅರ್ಧಕ್ಕಿಂತ ತುಸು ಜಾಸ್ತಿ, ಅಷ್ಟೇ. ನಮ್ಮಪ್ಪ ಮೋಟಾರ್ ವೈಂಡಿಂಗ್ ಮಾಡುತ್ತಿದ್ದರು. ಸುಟ್ಟ ಮೋಟಾರ್ ತಂದವರಿಗೆಲ್ಲ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆಯೇ "ವೈರು ಯಾವುದು ಎಳೆದಿದ್ದೀರಿ?" ಆ ಪ್ರಶ್ನೆಯನ್ನು ಗೌಡರಿಗೆ ನಾನು ಕೇಳಿರಲಿಲ್ಲ.

ಈಗ ಭಾರದ ಲೆಕ್ಕ. ಮೂಟೆಗೆ 50 ಕೆ.ಜಿ., ಹತ್ತು ಮೂಟೆ, 500. ಪ್ಲಾಟ್‌ಫಾರ್ಮಿನದ್ದೇ 150. ಒಟ್ಟು 650 ಕೆ.ಜಿ. ಆದರೆ ಸಿಲಿಂಡರ್ ತಳ್ಳಬೇಕಾದ್ದು 650 ಅಲ್ಲ. ಪ್ಲಾಟ್‌ಫಾರ್ಮ್ 1 ಮೀಟರ್ ಏರುವಷ್ಟರಲ್ಲಿ ಸಿಲಿಂಡರ್ ಚಾಚುವುದು 40 ಸೆಂ.ಮೀ. ಹಾಗಾಗಿ ಸರಾಸರಿ ಎರಡೂವರೆ ಪಟ್ಟು ಬಲ ಬೇಕೇ ಬೇಕು. ಅದರಲ್ಲೂ ಕತ್ತರಿ ಪೂರ್ತಿ ಮಡಚಿಕೊಂಡಾಗ ಕೋನ ಚಪ್ಪಟೆ ಇರುತ್ತದೆ, ಆಗಲೇ ಜಾಸ್ತಿ ಬಲ ಬೇಕು. ಕಾಗದದ ಮೇಲೆ ಅಳತೆಗೆ ಬರೆದು ನೋಡಿದರೆ ನನ್ನ ಕತ್ತರಿಗೆ ಕೆಳಗಡೆ 4 ಪಟ್ಟು ಬಂತು, ಅಂದರೆ 2600 ಕೆ.ಜಿ. ನಿಮ್ಮದರಲ್ಲಿ ಸಿಲಿಂಡರ್ ಕೂರಿಸುವ ಜಾಗ ಬೇರೆ ಇದ್ದರೆ ಇದು ಬದಲಾಗುತ್ತದೆ. ದಯವಿಟ್ಟು ಬರೆದು ನೋಡಿ, ಸುಮ್ನೆ ಅಂದಾಜು ಮಾಡಬೇಡಿ.

50 ಮಿ.ಮೀ. ಬೋರ್ (ಒಳವ್ಯಾಸ) ಇರುವ ಸಿಲಿಂಡರಿನ ಅಡ್ಡ ವಿಸ್ತೀರ್ಣ 19.6 ಚದರ ಸೆಂ.ಮೀ. 2600ನ್ನು ಅದರಿಂದ ಭಾಗಿಸಿದರೆ ಸುಮಾರು 130 ಬಾರ್ (ಚದರ ಸೆಂ.ಮೀ.ಗೆ ಒಂದು ಕೆ.ಜಿ. ಅಂದರೆ ಹತ್ತಿರ ಹತ್ತಿರ ಒಂದು ಬಾರ್). ಸೀಲಿನ ಬಿಗಿ, ಪಿನ್ನುಗಳ ಉಜ್ಜಾಟ ಸೇರಿಸಿ 150 ಇಟ್ಟುಕೊಂಡೆ. ರಿಲೀಫ್ ವಾಲ್ವ್, ಅಂದರೆ ಒತ್ತಡ ಮಿತಿ ಮೀರಿದರೆ ಎಣ್ಣೆಯನ್ನು ಟ್ಯಾಂಕಿಗೆ ಬಿಡುವ ವಾಲ್ವ್, 165ಕ್ಕೆ. 63 ಮಿ.ಮೀ. ಬೋರ್ ಹಾಕಿದರೆ ಒತ್ತಡ ಇಳಿಯುತ್ತದೆ, ನಿಜ. ಆದರೆ ಎಣ್ಣೆ ಜಾಸ್ತಿ ಬೇಕು, ಟ್ಯಾಂಕ್ ದೊಡ್ಡದಾಗುತ್ತದೆ. ಪುಟ್ಟದಾಗಿ ಮಾಡಬೇಕು ಅಂದರೆ ಸಿಲಿಂಡರ್ ಸಣ್ಣದು, ಒತ್ತಡ ಜಾಸ್ತಿ. ಗೇರ್ ಪಂಪಿಗೆ 150 ಬಾರ್ ಏನೂ ಕಷ್ಟವಲ್ಲ.

ಇನ್ನು ಪಂಪ್. ನಾನು ಎಡವಿದ್ದು ಇಲ್ಲೇ. ಸಿಲಿಂಡರ್ ತುಂಬಲು 19.6 ಗುಣಿಸು 40, ಅಂದರೆ 785 ಸಿಸಿ ಎಣ್ಣೆ ಬೇಕು. ನಾಲ್ಕು ಪೋಲಿನ ಮೋಟಾರ್ ಭಾರದಲ್ಲಿ ನಿಮಿಷಕ್ಕೆ ಸುಮಾರು 1400 ಸುತ್ತು ತಿರುಗುತ್ತದೆ. ಪಂಪಿನೊಳಗಿನ ಸೋರಿಕೆ ಕಳೆದು 92 ಪರ್ಸೆಂಟ್ ಹಿಡಿಯಿರಿ. 4.2 ಸಿಸಿ ಪಂಪ್ ನಿಮಿಷಕ್ಕೆ 5.4 ಲೀಟರ್ ಕೊಡುತ್ತದೆ. ಲೀಟರನ್ನು ಬಾರಿನಿಂದ ಗುಣಿಸಿ 600ರಿಂದ ಭಾಗಿಸಿದರೆ ಕಿಲೋವ್ಯಾಟ್. ಅದನ್ನು 0.8ರಿಂದ (ಪಂಪಿನ ಒಟ್ಟು ದಕ್ಷತೆ) ಭಾಗಿಸಿದರೆ ಮೋಟಾರ್ ಕೊಡಬೇಕಾದ್ದು: 1.69 ಕಿಲೋವ್ಯಾಟ್. ನನ್ನ 2 ಎಚ್‌ಪಿ ಮೋಟಾರಿನದು 1.5. ವೋಲ್ಟೇಜ್ ಸರಿ ಇದ್ದಾಗಲೂ ಅದು ಏದುಸಿರು ಬಿಡುತ್ತಲೇ ಎತ್ತುತ್ತಿತ್ತು.

2.1 ಸಿಸಿ ಹಾಕಿದರೆ? ನಿಮಿಷಕ್ಕೆ 2.7 ಲೀಟರ್. 785 ಸಿಸಿ ತುಂಬಲು 17 ಸೆಕೆಂಡ್. ಬೇಕಾದ ಶಕ್ತಿ 0.85 ಕಿಲೋವ್ಯಾಟ್, ರಿಲೀಫ್ ತೆರೆದಾಗಲೂ 0.93. ಒಂದೂವರೆ ಎಚ್‌ಪಿ, ಅಂದರೆ 1.1 ಕಿಲೋವ್ಯಾಟ್ ಮೋಟಾರ್ ಸಾಕು. ಮೋಟಾರ್ ಸಣ್ಣದು, ಪಂಪ್ ಸಣ್ಣದು, ಆದರೂ ಕೆಲಸ ಗಟ್ಟಿ. ಗೌಡರ ತೋಟದಲ್ಲಿ 2 ಎಚ್‌ಪಿ ಮೋಟಾರನ್ನೇ ಉಳಿಸಿ ಪಂಪ್ ಮಾತ್ರ ಬದಲಿಸಿದೆ. ವೈರನ್ನು 4 ಚದರ ಮಿ.ಮೀ.ಗೆ ಬದಲಿಸಿದೆ. "ಮೊದಲಿಗಿಂತ ನಿಧಾನ ಆಯ್ತಲ್ರೀ" ಅಂದರು. "ಗೌಡ್ರೇ, ಮುಂದಿನ ಹತ್ತು ಮೂಟೆ ತರೋಕೆ ನಿಮ್ಮ ಆಳುಗಳಿಗೆ 17 ಸೆಕೆಂಡ್ ಸಾಕಾ?" ಅಂದೆ. ನಕ್ಕು ಕಾಫಿ ಕೊಟ್ಟರು. ಎಷ್ಟು ವೇಗ ಬೇಕು ಅಂತ ಗಿರಾಕಿಯನ್ನು ಕೇಳಿದರೆ ಎಲ್ಲರೂ "ಬೇಗ" ಅಂತಲೇ ಹೇಳುತ್ತಾರೆ. ಅಲ್ಲೇ ನಿಂತು ಕೆಲಸ ನೋಡಿ, ವೇಗ ನೀವೇ ತೀರ್ಮಾನ ಮಾಡಿ.

ಸಿಂಗಲ್ ಫೇಸ್ ಮೋಟಾರಿನಲ್ಲಿ ಎರಡು ಕೆಪಾಸಿಟರ್ ಇರುವುದನ್ನೇ ತಗೊಳ್ಳಿ, ಒಂದು ಶುರು ಮಾಡಲು, ಒಂದು ಓಡಲು. ಓಡುವ ಕೆಪಾಸಿಟರ್ ಒಂದೇ ಇರುವುದು ಫ್ಯಾನಿಗೆ, ಬ್ಲೋವರಿಗೆ ಸರಿ. ಎಣ್ಣೆ ತಳ್ಳುವ ಕೆಲಸಕ್ಕೆ ಅದರ ಆರಂಭದ ಬಲ ಸಾಲದು. ತ್ರೀ ಫೇಸ್ ಇದ್ದರೆ ಈ ತಾಪತ್ರಯವೇ ಇಲ್ಲ, ಆದರೆ ತಿರುಗುವ ದಿಕ್ಕು ನೋಡಿಕೊಳ್ಳಿ. ಉಲ್ಟಾ ತಿರುಗಿದರೆ ಗೇರ್ ಪಂಪ್ ಎಣ್ಣೆ ಕೊಡುವುದಿಲ್ಲ, ಶಾಫ್ಟ್ ಸೀಲೂ ಹೊರಗೆ ಬರಬಹುದು. ಬ್ಯಾಟರಿಯ 12 ವೋಲ್ಟ್ ಪ್ಯಾಕ್ ಹಾಕಿಕೊಡಿ ಅಂತಲೂ ಕೆಲವರು ಕೇಳುತ್ತಾರೆ. ಒಂದೂವರೆ ಕಿಲೋವ್ಯಾಟಿಗೆ 12 ವೋಲ್ಟಿನಲ್ಲಿ 150 ಆಂಪಿಯರ್ ದಾಟುತ್ತದೆ. ಗಾಡಿಯ ಮೇಲೆ ಸರಿ, ಗೋಡೌನಿಗೆ ಬೇಡ.

ಸರ್ಕ್ಯೂಟ್ ಸರಳ. ಎತ್ತುವುದಕ್ಕೆ ಪಂಪ್, ಇಳಿಸುವುದಕ್ಕೆ ಭಾರವೇ ಸಾಕು. ಹಾಗಾಗಿ ಸಿಂಗಲ್ ಆ್ಯಕ್ಟಿಂಗ್ ಸಿಲಿಂಡರ್. ಪಂಪಿನ ಮುಂದೆ ಚೆಕ್ ವಾಲ್ವ್, ಎಣ್ಣೆ ವಾಪಸ್ ಬರದ ಹಾಗೆ. ಇಳಿಸಲು ಪಾಪೆಟ್ ಮಾದರಿಯ (ಬಿರಡೆಯ ಹಾಗೆ ಬಿಗಿಯಾಗಿ ಮುಚ್ಚುವ) ಸೊಲೆನಾಯ್ಡ್ ವಾಲ್ವ್, ಅಂದರೆ ಕರೆಂಟಿನಿಂದ ಕೆಲಸ ಮಾಡುವ ವಾಲ್ವ್. ಸ್ಪೂಲ್ ಮಾದರಿ (ಒಳಗೆ ದಂಡ ಜಾರುವುದು) ಇಲ್ಲಿ ಬೇಡ, ಸ್ಪೂಲ್ ಯಾವಾಗಲೂ ಸ್ವಲ್ಪ ಸೋರುತ್ತದೆ. ರಾತ್ರಿ ಮೇಲೆ ಬಿಟ್ಟುಹೋದ ಪ್ಲಾಟ್‌ಫಾರ್ಮ್ ಬೆಳಿಗ್ಗೆ ಅರ್ಧಕ್ಕೆ ಬಂದಿರುತ್ತದೆ. ಇಳಿಸುವ ವಾಲ್ವಿನ ಹಿಂದೆ ಫ್ಲೋ ಕಂಟ್ರೋಲ್, ದಡ್ ಅಂತ ಬೀಳದ ಹಾಗೆ. ಸಿಲಿಂಡರಿನ ಬಾಯಿಗೇ, ಹೋಸಿನ ಈಚೆ ಅಲ್ಲ, ಹೋಸ್ ಬರ್ಸ್ಟ್ ವಾಲ್ವ್ ಹಾಕಿ. ಹೋಸ್ ಒಡೆದರೆ ಭಾರ ಅಲ್ಲೇ ನಿಲ್ಲುತ್ತದೆ. ಇದೊಂದರಲ್ಲಿ ದುಡ್ಡು ಉಳಿಸಬೇಡಿ.

ಒಂದು ಸೂಕ್ಷ್ಮ ಇದೆ. ಭಾರ ಹೊತ್ತು ಅರ್ಧದಲ್ಲಿ ನಿಂತ ಲಿಫ್ಟನ್ನು ಮತ್ತೆ ಶುರು ಮಾಡಿದರೆ ಮೋಟಾರ್ ವೇಗ ಹಿಡಿಯುವ ಮೊದಲೇ ಪೂರ್ತಿ ಒತ್ತಡ ಮೈಮೇಲೆ ಬರುತ್ತದೆ. ಪಂಪಿಗೂ ಚೆಕ್ ವಾಲ್ವಿಗೂ ನಡುವೆ ಒಂದು ಚಮಚ ಎಣ್ಣೆಯೂ ಇರುವುದಿಲ್ಲ, ನೋಡಿ. ಅದಕ್ಕೆ ಆ ಜಾಗದಲ್ಲಿ ಒಂದು ಅನ್‌ಲೋಡಿಂಗ್ ವಾಲ್ವ್ ಇಡುತ್ತೇನೆ. ಕರೆಂಟ್ ಇಲ್ಲದಾಗ ಅದು ತೆರೆದಿರುತ್ತದೆ, ಎಣ್ಣೆ ಟ್ಯಾಂಕಿಗೆ ಹೋಗುತ್ತದೆ. ಮೋಟಾರ್ ಶುರುವಾಗಿ 1 ಸೆಕೆಂಡ್ ಆದ ಮೇಲೆ ಟೈಮರ್ ಅದನ್ನು ಮುಚ್ಚುತ್ತದೆ. ಇದನ್ನು ಹಾಕಿದ ಮೇಲೆ ಗುಂಯ್ ಅನ್ನುವ ಫೋನ್ ಬಂದಿಲ್ಲ.

ಟ್ಯಾಂಕಿಗೆ ಹಳೆಯ ರೂಢಿ ನಿಮಿಷದ ಹರಿವಿನ ಮೂರು ಪಟ್ಟು, ಅಂದರೆ 8 ಲೀಟರ್. ನಾನು 5 ಲೀಟರಿಗೆ ನಿಲ್ಲಿಸಿದೆ. ಗಂಟೆಗೆ 20 ಸಲ ಎತ್ತಿದರೂ ಪಂಪ್ ಓಡುವುದು ಸುಮಾರು ಆರು ನಿಮಿಷ. ಬಿಸಿ ಆರಲು ಸಮಯ ಬೇಕಾದಷ್ಟಿದೆ. ಆದರೆ ಯಾರಾದರೂ ಮೇಲೆ ಮುಟ್ಟಿದ ಮೇಲೂ ಬಟನ್ ಒತ್ತಿಕೊಂಡೇ ನಿಂತರೆ? ಆಗ ಪಂಪಿನ ಶಕ್ತಿಯೆಲ್ಲ ರಿಲೀಫ್ ವಾಲ್ವಿನಲ್ಲಿ ಬಿಸಿಯಾಗುತ್ತದೆ. 5 ಲೀಟರ್ ಎಣ್ಣೆ ನಿಮಿಷಕ್ಕೆ 5 ಡಿಗ್ರಿ ಏರುತ್ತದೆ. ಹತ್ತು ನಿಮಿಷಕ್ಕೆ 50. ಮೇಲೆ ಒಂದು ಲಿಮಿಟ್ ಸ್ವಿಚ್ ಹಾಕಿದರೆ ಮುಗಿಯಿತು.

ಜೋಡಣೆ ಹೀಗೆ: ನಡುವೆ ಅಲ್ಯುಮಿನಿಯಂ ಮ್ಯಾನಿಫೋಲ್ಡ್ ಬ್ಲಾಕ್ (ಎಣ್ಣೆಯ ದಾರಿಗಳನ್ನು ಒಳಗೇ ಕೊರೆದ ಗಟ್ಟಿ), ಒಂದು ಕಡೆ ಫ್ಲೇಂಜ್ ಮೋಟಾರ್, ಇನ್ನೊಂದು ಕಡೆ ಟ್ಯಾಂಕಿನೊಳಗೆ ಎಣ್ಣೆಯಲ್ಲಿ ಮುಳುಗಿದ ಪಂಪ್. ವಾಲ್ವ್‌ಗಳೆಲ್ಲ ಬ್ಲಾಕಿನೊಳಗೇ ಕೂರುತ್ತವೆ, ಪೈಪು ಕಮ್ಮಿ, ಸೋರುವ ಜಾಗವೂ ಕಮ್ಮಿ. ಅಡ್ಡ ತೂತುಗಳು ಸೇರುವಲ್ಲಿ ಬರ್, ಅಂದರೆ ಕೊರೆದಾಗ ಏಳುವ ಲೋಹದ ಚೂಪು ಅಂಚು, ಉಳಿಯುತ್ತದೆ. ಟಾರ್ಚ್ ಬಿಟ್ಟು ನೋಡಿ ಕೆರೆದು ತೆಗೆಯಿರಿ. ಆಮೇಲೆ ಸೀಮೆಎಣ್ಣೆಯಲ್ಲಿ ತೊಳೆದು ಗಾಳಿ ಹೊಡೆಯಿರಿ. ಪೋರ್ಟ್‌ಗಳಿಗೆ ಡೌಟಿ ವಾಷರ್ (ಒಳಗೆ ರಬ್ಬರ್ ಅಂಚಿರುವ ಲೋಹದ ವಾಷರ್) ಬಳಸಿ. ಟೆಫ್ಲಾನ್ ಟೇಪ್ ನಲ್ಲಿಗೆ ಸರಿ. ಇಲ್ಲಿ ಅದರ ಒಂದು ಚೂರು ಪಾಪೆಟ್ ಕೆಳಗೆ ಸಿಕ್ಕಿಕೊಂಡರೆ ಲಿಫ್ಟ್ ಇಳಿಯುತ್ತಲೇ ಇರುತ್ತದೆ, ಕಾರಣ ಹುಡುಕಲು ಒಂದು ದಿನ ಬೇಕು.

ಮೋಟಾರ್ ಶಾಫ್ಟನ್ನು ಪಂಪ್ ಶಾಫ್ಟಿಗೆ ಸೇರಿಸುವ ಕಪ್ಲಿಂಗನ್ನು ಸುತ್ತಿಗೆಯಿಂದ ಹೊಡೆದು ಕೂರಿಸಬೇಡಿ. ನಮ್ಮ ಹುಡುಗ ಒಮ್ಮೆ ಹಾಗೆ ಮಾಡಿದ. ಮೋಟಾರ್ ಶಾಫ್ಟ್ ಪಂಪಿನ ಗೇರನ್ನು ಪಕ್ಕಕ್ಕೆ ಒತ್ತಿಕೊಂಡೇ ತಿರುಗಿತು. ತಿಂಗಳೊಳಗೆ ಸೈಡ್ ಪ್ಲೇಟ್ ಸವೆದು ಒತ್ತಡವೇ ಬರಲಿಲ್ಲ. ಎರಡು ಶಾಫ್ಟಿನ ನಡುವೆ 2ರಿಂದ 3 ಮಿ.ಮೀ. ಸಂದು ಇರಲಿ. ಕೈಯಲ್ಲಿ ತಿರುಗಿಸಿದರೆ ಎಲ್ಲೂ ಬಿಗಿ ಸಿಗಬಾರದು.

ಹೀರುವ ಪೈಪು ಒಳಗೆ 12 ಮಿ.ಮೀ. ಇರಲಿ, ತುದಿಗೆ 125 ಮೈಕ್ರಾನ್ ಸ್ಟ್ರೈನರ್. ಪೈಪು ಸಣ್ಣದಾದರೆ ಪಂಪ್ ಜಲ್ಲಿ ಅಗಿದ ಹಾಗೆ ಶಬ್ದ ಮಾಡುತ್ತದೆ. ವಾಪಸ್ ಬರುವ ಎಣ್ಣೆ ಮಟ್ಟದ ಕೆಳಗೇ ಬೀಳಲಿ, ಇಲ್ಲದಿದ್ದರೆ ನೊರೆ. ಎಣ್ಣೆ ವಿಜಿ 32 (ಈ ಅಂಕಿ ಎಣ್ಣೆಯ ಮಂದದ ದರ್ಜೆ, ಜಾಸ್ತಿ ಆದಷ್ಟೂ ಮಂದ). ಎಲ್ಲರೂ 46 ಹಾಕುತ್ತಾರೆ, ನಾನೂ ಹಾಕಿದ್ದೆ. ಆದರೆ ಕೊಯ್ಲು ನಡೆಯುವುದು ಚಳಿಗಾಲದಲ್ಲಿ, ಅಲ್ವಾ? 40 ಡಿಗ್ರಿಯಲ್ಲಿ ಇರುವುದಕ್ಕಿಂತ 15 ಡಿಗ್ರಿಯಲ್ಲಿ 46ರ ಎಣ್ಣೆ ಸುಮಾರು ನಾಲ್ಕು ಪಟ್ಟು ಮಂದ. ಗೌಡರ ಮೋಟಾರ್ ಬೆಳಿಗ್ಗೆಯೇ ಹಟ ಹಿಡಿಯುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಪರೀಕ್ಷೆ ಮಾಡುವಾಗ ರಿಲೀಫ್ ವಾಲ್ವನ್ನು ಪೂರ್ತಿ ಸಡಿಲಿಸಿ ಶುರು ಮಾಡಿ. ಮೋಟಾರನ್ನು ತುಸು ತುಸುವೇ ಓಡಿಸಿ ಗಾಳಿ ತೆಗೆಯಿರಿ. ಆಮೇಲೆ ಗೇಜ್ ನೋಡುತ್ತಾ 165ಕ್ಕೆ ತನ್ನಿ. ನಂತರ ಡಿಮ್ಮರ್‌ಸ್ಟ್ಯಾಟ್ ಇಟ್ಟು ವೋಲ್ಟೇಜನ್ನು 180ಕ್ಕೆ ಇಳಿಸಿ, ಪೂರ್ತಿ ಭಾರ ಹೇರಿ, ಅರ್ಧದಲ್ಲಿ ನಿಲ್ಲಿಸಿ ಮತ್ತೆ ಶುರು ಮಾಡಿ. ಇದರಲ್ಲಿ ಪಾಸಾದರೆ ಮಾತ್ರ ನನ್ನ ಶೆಡ್ಡಿನಿಂದ ಹೊರಗೆ ಹೋಗುತ್ತದೆ. ಕೆಳಗೆ ಕೈ ಹಾಕುವ ಮೊದಲು ಕಬ್ಬಿಣದ ಊರುಗೋಲು ಕೊಡಿ. ಸೋರಿಕೆ ಇದೆಯಾ ಅಂತ ಬೆರಳಿನಿಂದ ಮುಟ್ಟಿ ನೋಡಬೇಡಿ, ರಟ್ಟು ಹಿಡಿದು ನೋಡಿ. 150 ಬಾರಿನ ಸಣ್ಣ ಚಿಲುಮೆ ಚರ್ಮದೊಳಗೇ ನುಗ್ಗುತ್ತದೆ.

ಕೊನೆಗೆ ಮಳೆಗಾಲ. ಕೊಯ್ಲು ಮುಗಿದ ಮೇಲೆ ಈ ಮಿಷಿನ್ನಿಗೆ ತಿಂಗಳುಗಟ್ಟಲೆ ಕೆಲಸವಿಲ್ಲ. ಪ್ಲಾಟ್‌ಫಾರ್ಮ್ ಕೆಳಗಿಳಿಸಿಯೇ ಬಿಡಿ. ಎಣ್ಣೆಯೆಲ್ಲ ಟ್ಯಾಂಕಿಗೆ ಬಂದಿರುತ್ತದೆ, ಒಳಗೆ ಬೆವರಲು ಜಾಗ ಕಮ್ಮಿ. ರಾಡು ಸಿಲಿಂಡರಿನೊಳಗೇ ಇರುವುದರಿಂದ ತುಕ್ಕೂ ಹಿಡಿಯುವುದಿಲ್ಲ. ನವೆಂಬರಿನಲ್ಲಿ ಶುರು ಮಾಡುವ ಮೊದಲು ತಳದ ಪ್ಲಗ್ ತುಸು ಸಡಿಲಿಸಿ ಒಂದು ಲೋಟ ಎಣ್ಣೆ ಹಿಡಿಯಿರಿ. ಕಾಫಿಗೆ ಹಾಲು ಬೆರೆಸಿದ ಹಾಗೆ ಕಂಡರೆ ನೀರು ಸೇರಿದೆ ಅಂತ. ಎಣ್ಣೆ ಪೂರ್ತಿ ಚೆಲ್ಲಿ ಹೊಸದು ಹಾಕಿ, ಬ್ರೀದರನ್ನೂ (ಟ್ಯಾಂಕಿಗೆ ಗಾಳಿ ಹೋಗಿ ಬರುವ ಮುಚ್ಚಳ) ಬದಲಿಸಿ.